ಹಾವಿಲ್ಲದ ನಾಡಿನಲ್ಲಿ

ಕಳೆದ ವರ್ಷ ಮಗಳ ಮನೆಗೆಂದು ಐರ್ಲೆಂಡಿಗೆ ಹೋಗಿದ್ದೆ. ಒಂದು ಭಾನುವಾರ ಅಳಿಯಂದಿರು ನಮ್ಮನ್ನೆಲ್ಲ ಪಶ್ಚಿಮ ಕರಾವಳಿಯ ಮೇಯೋ ಜಿಲ್ಲೆಗೆ ಕರೆದೊಯ್ದರು. ಎತ್ತ ನೋಡಿದರೂ ಹಸಿರು. ಕಾರು ನಿಂತದ್ದೇ ತಡ, ಐದು ವರ್ಷದ ಮೊಮ್ಮಗ ಬೂಟು ಕಿತ್ತೆಸೆದು ಮೊಣಕಾಲುದ್ದದ ಹುಲ್ಲಿಗೆ ನುಗ್ಗಿಬಿಟ್ಟ! ನನ್ನ ಎದೆ ಧಸಕ್ಕೆಂದಿತು. "ಅಯ್ಯೋ, ಬಾರೋ ಈಚೆಗೆ! ಹುಳಹುಪ್ಪಟೆ ಇದ್ದೀತು!" ಎಂದು ಕೂಗಿಕೊಂಡೆ.

ಮಗಳು ನಕ್ಕಳು. "ಬಿಡಮ್ಮಾ, ಈ ದೇಶದ ಹುಲ್ಲಲ್ಲಿ ಹಾವೇ ಇಲ್ಲ."

ಹಿತ್ತಲಿಗೆ ಹೋಗಬೇಕಾದರೂ ಕೈಯಲ್ಲಿ ಬ್ಯಾಟರಿ ಹಿಡಿಯುವ ನನಗೆ ನಂಬಿಕೆಯೇ ಬರಲಿಲ್ಲ.

ಎದುರಿಗೇ 764 ಮೀಟರ್ ಎತ್ತರದ ಕ್ರೋ ಪ್ಯಾಟ್ರಿಕ್ ಬೆಟ್ಟ. 5ನೆಯ ಶತಮಾನದ ಸಂತ ಪ್ಯಾಟ್ರಿಕ್ ಅದರ ಮೇಲೆ 40 ದಿನ ಉಪವಾಸವಿದ್ದು ಹಾವುಗಳನ್ನೆಲ್ಲ ಸಮುದ್ರಕ್ಕೆ ಅಟ್ಟಿದನೆಂದು ಅಲ್ಲಿಯವರ ಕಥೆ. ಜುಲೈ ತಿಂಗಳ ಕೊನೆಯ ಭಾನುವಾರ ಸಾವಿರಾರು ಜನ, ಕೆಲವರು ಬರಿಗಾಲಿನಲ್ಲೇ, ಬೆಟ್ಟ ಹತ್ತುತ್ತಾರೆ. ಆದರೆ ಅಟ್ಟಲು ಹಾವಿದ್ದರೆ ತಾನೆ? ಪ್ಯಾಟ್ರಿಕ್ ಹುಟ್ಟುವ ಮೊದಲೇ ಸೊಲಿನಸ್ ಎಂಬ ರೋಮನ್ ಲೇಖಕ ಈ ದ್ವೀಪದಲ್ಲಿ ಹಾವಿಲ್ಲವೆಂದು ಬರೆದಿಟ್ಟಿದ್ದಾನೆ!

ನಿಜ ಸಂಗತಿಯನ್ನು ಅಳಿಯಂದಿರು ಬಿಡಿಸಿ ಹೇಳಿದರು. ಸುಮಾರು 20,000 ವರ್ಷಗಳ ಹಿಂದೆ ಈ ನೆಲದ ಬಹುಭಾಗ ಮಂಜುಗಡ್ಡೆಯಡಿ ಹೂತಿತ್ತು. ಮೈ ಕಾಯಿಸಿಕೊಳ್ಳಲು ಬಿಸಿಲೇ ಬೇಕಾದ ಹಾವು ಅಲ್ಲಿ ಬದುಕೀತೆ? ಮಂಜು ಕರಗಿದ ಮೇಲೆ ಯೂರೋಪಿನ ಹಾವುಗಳು ಮೆಲ್ಲಮೆಲ್ಲಗೆ ಉತ್ತರಕ್ಕೆ ಸರಿದವು. ಪಕ್ಕದ ಬ್ರಿಟನ್ ಸುಮಾರು 8,000 ವರ್ಷಗಳ ಹಿಂದಿನವರೆಗೂ ಯೂರೋಪಿಗೆ ಅಂಟಿಕೊಂಡಿದ್ದರಿಂದ ಮೂರು ಜಾತಿಯ ಹಾವು ಅಲ್ಲಿ ಸೇರಿಕೊಂಡವು. ಐರ್ಲೆಂಡನ್ನು ಮಾತ್ರ ಅದಕ್ಕೂ ಬಹಳ ಮೊದಲೇ ಸಮುದ್ರ ಸುತ್ತುವರಿದಿತ್ತು. ಹಾವು ಬರುವಷ್ಟರಲ್ಲಿ ದಾರಿ ಮುಚ್ಚಿಹೋಗಿತ್ತು!

ಎಂಥ ಪುಣ್ಯದ ನಾಡಪ್ಪಾ ಎನಿಸಿತು. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಜುಲೈ ರಜೆಗೆ ಈ ಮಗು ನಮ್ಮೂರಿಗೆ ಬರುತ್ತದೆ. ಮಳೆಗಾಲ, ಹಿತ್ತಲ ತುಂಬ ಹುಲ್ಲು, ಬೇಲಿಯ ಮಗ್ಗುಲಲ್ಲೇ ಹುತ್ತ. ಭಯವೆಂದರೇನೆಂದೇ ಅರಿಯದ ಕೂಸು!

ಬೆಳಗಾಗುತ್ತಲೇ ಪಾಠ ಶುರುಮಾಡಿದೆ. ಕತ್ತಲಲ್ಲಿ ಬರಿಗಾಲು ಬೇಡ, ಬಿಲದೊಳಗೆ ಕೈ ಹಾಕಬೇಡ, ಹಾವು ಕಂಡರೆ ದೂರ ನಿಂತು ಅಜ್ಜಿಯನ್ನು ಕೂಗು. ಮಗಳಿಗೂ ಹೇಳಿದೆ: ಅಕಸ್ಮಾತ್ ಕಚ್ಚಿದರೆ ಮಂತ್ರ, ನಾಟಿ ಮದ್ದು ಎಂದು ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಓಡಬೇಕು.

"ಅಜ್ಜೀ, ಹಾವು ಕೆಟ್ಟದ್ದಾ?" ಎಂದ ಮೊಮ್ಮಗ.

"ಇಲ್ಲ ಮರಿ, ನಮ್ಮ ಭತ್ತ ತಿನ್ನುವ ಇಲಿಗಳನ್ನು ಹಿಡಿಯೋದೇ ಅದು. ನಾಗರಪಂಚಮಿಗೆ ನೀನೂ ಹಾಲೆರೆಯುವೆಯಂತೆ, ಕಲ್ಲಿನ ನಾಗಪ್ಪನಿಗೆ!"