ಗುರುವಾರದ ಮೂರು ತಾಸು



'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯನ್ನು ನೀವೂ ಕೇಳಿದ್ದೀರಿ, ನಾನೂ ಕೇಳಿದ್ದೇನೆ. ಮನೆಯ ಹಿರಿಯರು ಕನ್ನಡಕವನ್ನು ಎಲ್ಲಿಯೋ ಇಟ್ಟು ಮರೆತಾಗ ನಗುನಗುತ್ತಲೇ ಈ ಮಾತನ್ನು ಆಡಿಬಿಡುತ್ತೇವೆ. ಆದರೆ ಈ ಒಂದು ಗಾದೆ ನಮ್ಮ ಮನೆಯಲ್ಲಿ ಎಂತಹ ಅನ್ಯಾಯಕ್ಕೆ ನೆಪವಾಯಿತೆಂಬುದನ್ನು ನೆನೆದರೆ ಇಂದಿಗೂ ನನ್ನ ತಲೆ ತಗ್ಗುತ್ತದೆ. ಅದನ್ನು ನಿಮ್ಮೆದುರು ಹೇಳಿಕೊಳ್ಳುವುದಕ್ಕಾಗಿಯೇ ಈ ನಾಲ್ಕು ಮಾತು.

ಅದು 1986ನೆಯ ಇಸವಿ. ನನ್ನ ತಾಯಿಯವರಿಗೆ ಆಗ ಅರವತ್ತೆಂಟರ ಪ್ರಾಯ. ಮೊದಲು ಒಲೆಯ ಮೇಲಿಟ್ಟ ಹಾಲನ್ನು ಮರೆತರು. ಬಳಿಕ ಆಡಿದ ಮಾತನ್ನೇ ಮತ್ತೆ ಮತ್ತೆ ಆಡತೊಡಗಿದರು. ವರ್ಷ ತುಂಬುವುದರೊಳಗೆ ಮೊಮ್ಮಕ್ಕಳ ಹೆಸರುಗಳು ಒಂದರೊಳಗೊಂದು ಕಲಸಿಹೋದವು. ಸಂಜೆ ದೀಪ ಹಚ್ಚುವ ಹೊತ್ತಾಯಿತೆಂದರೆ ತಲೆಬಾಗಿಲಿಗೆ ಬಂದು ನಿಂತು, "ನಿಮ್ಮಪ್ಪಾರು ಇನ್ನೂ ಹೊಲದಿಂದ ಬರಲಿಲ್ಲಲ್ಲೋ?" ಎಂದು ಕೇಳುವರು. ತಂದೆಯವರು ತೀರಿಕೊಂಡು ಆಗಲೇ ಎಂಟು ವರ್ಷಗಳಾಗಿದ್ದವು. ನಾನು ದಿನವಿಡೀ ಶಾಲೆಯಲ್ಲಿ ಪಾಠ ಹೇಳಿ ದಣಿದು ಬಂದವನು. "ಅಪ್ಪ ಸತ್ತು ಎಂಟು ವರ್ಷ ಆತು, ಎಷ್ಟು ಸಲ ಹೇಳಬೇಕು?" ಎಂದು ಗದರುತ್ತಿದ್ದೆ. ಉಪಾಧ್ಯಾಯನಲ್ಲವೇ? ತಪ್ಪನ್ನು ಕಂಡಲ್ಲಿ ತಿದ್ದುವುದು ನನ್ನ ಅಭ್ಯಾಸ. ತಾಯಿಯವರು ಆ ಸುದ್ದಿಯನ್ನು ಅಂದೇ ಮೊದಲ ಬಾರಿಗೆ ಕೇಳಿದವರಂತೆ ಹೊಸ್ತಿಲ ಬಳಿ ಕುಸಿದು ಅಳುತ್ತಿದ್ದರು. ಮರುದಿನ ಮತ್ತೆ ಅದೇ ಪ್ರಶ್ನೆ, ಅದೇ ಗದರಿಕೆ, ಅದೇ ಅಳು.

ನೆಂಟರು ಬಂದರೆ ಅವರನ್ನು ಒಳಕೋಣೆಯಲ್ಲಿ ಕೂರಿಸಿ ಚಿಲಕ ಹಾಕಿದ್ದೂ ಉಂಟು. ವೈದ್ಯರಲ್ಲಿಗೆ ಕರೆದೊಯ್ಯಬೇಕೆಂದು ನಮ್ಮಲ್ಲಿ ಯಾರಿಗೂ ಒಮ್ಮೆಯೂ ತೋರಲಿಲ್ಲ. ವಯಸ್ಸಾದ ಮೇಲೆ ಅರಳುಮರಳು ಸಹಜವೆಂದು ಗಾದೆಯೇ ಹೇಳಿರುವಾಗ ವೈದ್ಯರು ಏಕೆ? 1991ರಲ್ಲಿ ತಾಯಿಯವರು ಕಣ್ಣು ಮುಚ್ಚಿದರು.

ನಾನು ನಿವೃತ್ತನಾಗಿ ಧಾರವಾಡದಲ್ಲಿ ನೆಲೆಸಿದ ಮೇಲೆ, 2017ರಲ್ಲಿ, ಗೆಳೆಯರೊಬ್ಬರು ಒಂದು ಚಿಕ್ಕ ಸೇವಾಸಂಸ್ಥೆಗೆ ನನ್ನನ್ನು ಕರೆದೊಯ್ದರು. ಮರೆವಿನ ಕಾಯಿಲೆಗೆ ಸಿಕ್ಕಿದ ಹಿರಿಯರಿಗೂ ಅವರ ಮನೆಯವರಿಗೂ ನೆರವಾಗುವುದು ಆ ಸಂಸ್ಥೆಯ ಉದ್ದೇಶ. ಸ್ವಯಂಸೇವಕರಿಗೆಂದು ಏರ್ಪಡಿಸಿದ್ದ ಶಿಬಿರದಲ್ಲಿ ಪಾಠ ಹೇಳುತ್ತಿದ್ದ ತಾಯಿ ನಮ್ಮನ್ನೆಲ್ಲ ಒಂದು ಪ್ರಶ್ನೆ ಕೇಳಿದರು: "ತೀರಿಹೋದ ಹೆಂಡತಿ ಎಲ್ಲಿ ಎಂದು ರೋಗಿಯು ಕೇಳಿದರೆ ನೀವೇನು ಉತ್ತರ ಕೊಡುವಿರಿ?" ನಾನು ಎದ್ದು ನಿಂತು, "ಸತ್ಯವನ್ನೇ ಹೇಳಬೇಕು" ಎಂದೆ. ಅವರು ಶಾಂತವಾಗಿ, "ಸುದ್ದಿಯನ್ನು ಅವರು ಮರೆಯುತ್ತಾರೆ. ಅದರ ದುಃಖವನ್ನು ಅಷ್ಟು ಬೇಗ ಮರೆಯುವುದಿಲ್ಲ" ಎಂದರು. ಓದುಗರೇ, ಆ ಕ್ಷಣದಲ್ಲಿ ನನ್ನ ಕಣ್ಣೆದುರು ಬಂದುದು ನಮ್ಮ ಮನೆಯ ಹೊಸ್ತಿಲು. ಒಬ್ಬ ವಿಧವೆಯನ್ನು ಐದು ವರ್ಷಗಳ ಕಾಲ ಸಂಜೆ ಸಂಜೆಗೂ ಹೊಸದಾಗಿ ವಿಧವೆಯಾಗಿಸಿದವನು ನಾನು!

ಆ ಶಿಬಿರದಲ್ಲಿಯೂ ಅನಂತರದ ಓದಿನಲ್ಲಿಯೂ ತಿಳಿದುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳಲೇಬೇಕು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಯಲ್ಲಿ ಅಲೋಯಿಸ್ ಆಲ್‌ಜೈಮರ್ ಎಂಬ ವೈದ್ಯರು ಮರೆವಿನಿಂದಲೂ ಚಿತ್ತಭ್ರಮೆಯಿಂದಲೂ ಬಳಲುತ್ತಿದ್ದ ಒಬ್ಬ ಹೆಂಗಸನ್ನು ಪರೀಕ್ಷಿಸಿದರು. ಆಕೆ 1906ರಲ್ಲಿ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಕಂಡ ವಿಕಾರಗಳನ್ನು ಅದೇ ವರ್ಷ ವೈದ್ಯರ ಸಭೆಯಲ್ಲಿ ವಿವರಿಸಿದರು. 1910ರಲ್ಲಿ ಈ ಕಾಯಿಲೆಗೆ ಅವರ ಹೆಸರೇ ಬಂದಿತು. ಆ ಹೆಂಗಸಿಗೆ ಮೊದಲು ಪರೀಕ್ಷಿಸಿದಾಗ ಐವತ್ತೊಂದೇ ವರ್ಷ. ಅಂದಮೇಲೆ ಇದು ಅರವತ್ತರ ಅರಳುಮರಳಲ್ಲ, ಮಿದುಳಿನ ರೋಗ.

ಡಿಮೆನ್ಶಿಯಾ ಎಂಬುದು ಇಂತಹ ಹಲವು ಕಾಯಿಲೆಗಳಿಗೆ ಇರುವ ಸಾಮಾನ್ಯ ಹೆಸರು. ಅವುಗಳಲ್ಲಿ ಹೆಚ್ಚಿನದು ಆಲ್‌ಜೈಮರ್ ಕಾಯಿಲೆ; ಮಿದುಳಿನ ರಕ್ತನಾಳಗಳು ಕೆಡುವುದರಿಂದ ಬರುವುದೂ ಉಂಟು. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಇದು ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಆಲ್‌ಜೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ಹೊಸ ನೆನಪುಗಳನ್ನು ಕೂಡಿಡುವ ಭಾಗಕ್ಕೆ. ಆದುದರಿಂದ ಬೆಳಗಿನ ಉಪಾಹಾರ ಮರೆತುಹೋಗುತ್ತದೆ, ಐವತ್ತು ವರ್ಷ ಹಿಂದಿನ ಹೊಲವು ಉಳಿಯುತ್ತದೆ. ರೋಗಿಯು ಸುಳ್ಳಾಡುವುದಿಲ್ಲ, ಹಟವನ್ನೂ ಮಾಡುವುದಿಲ್ಲ. ತನಗೆ ಉಳಿದಿರುವ ಕಾಲದಲ್ಲಿ ಬಾಳುತ್ತಾನೆ. ಶಿಬಿರದ ತಾಯಿ ಹೇಳಿದ ಮಾತಿಗೂ ಆಧಾರವುಂಟು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಇಂತಹ ರೋಗಿಗಳಿಗೆ ಚಲನಚಿತ್ರದ ತುಣುಕುಗಳನ್ನು ತೋರಿಸಿ ಪರೀಕ್ಷಿಸಿದರು. ಕಂಡ ದೃಶ್ಯ ಮರೆತುಹೋದ ಮೇಲೂ ಅದು ಹುಟ್ಟಿಸಿದ ದುಃಖವಾಗಲಿ ಸಂತೋಷವಾಗಲಿ ಮನಸ್ಸಿನಲ್ಲಿ ಉಳಿದುದು 2014ರಲ್ಲಿ ಪ್ರಕಟವಾಯಿತು.

ಇನ್ನು ನನ್ನ ಗುರುವಾರಗಳ ಸಂಗತಿ. ಪ್ರತಿ ಗುರುವಾರ ಮಧ್ಯಾಹ್ನ ಮೂರು ತಾಸು ಒಂದು ಮನೆಗೆ ಹೋಗಿ ಅಲ್ಲಿಯ ಹಿರಿಯರ ಜೊತೆ ಕುಳಿತಿರುವುದು ನನ್ನ ಪಾಲಿಗೆ ಬಂದ ಕೆಲಸ. ಆ ಹಿರಿಯರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಮನೆಯಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದವರು ಸೊಸೆ ಒಬ್ಬರೇ. ಮಗನಿಗೆ ಪರ ಊರಿನಲ್ಲಿ ನೌಕರಿ. ಮೊದಲ ದಿನವೇ ಅವರು ನನ್ನನ್ನು, "ನಮ್ಮ ಮನೀಯಾಕಿ ಎಲ್ಲಿ?" ಎಂದು ಕೇಳಿದರು. ಹಳೆಯ ಉಪಾಧ್ಯಾಯನ ನಾಲಗೆ ತುದಿಗೆ ಸತ್ಯವು ಬಂದು ನಿಂತಿತು. ಅದನ್ನು ತಡೆದು, "ಡ್ಯೂಟಿಗೆ ಹೋಗುವಾಗ ಅವರು ಬುತ್ತಿಗೆ ಏನು ಕಟ್ಟಿ ಕೊಡುತ್ತಿದ್ದರು?" ಎಂದು ಕೇಳಿದೆ. ಹಿರಿಯರ ಮುಖ ಅರಳಿತು. ಜೋಳದ ರೊಟ್ಟಿ, ಅಗಸಿ ಹಿಂಡಿ, ಲೋಂಡಾ ದಾಟಿದ ಮೇಲೆ ಕ್ಯಾಸಲ್‌ರಾಕಿನ ಮಳೆಯಲ್ಲಿ ಬುತ್ತಿ ಬಿಚ್ಚಿ ಉಂಡುದು—ಅರ್ಧ ತಾಸು ಹೇಳಿದರು. ಹೆಂಡತಿ ಎಲ್ಲಿ ಎಂಬ ಪ್ರಶ್ನೆ ಮತ್ತೆ ಬರಲಿಲ್ಲ. ಆ ಅರ್ಧ ತಾಸು ಆಕೆ ಅಲ್ಲಿಯೇ ಇದ್ದಳು.

ಇದು ಸುಳ್ಳಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಾನೂ ಬಹುದಿನ ನನ್ನನ್ನೇ ಕೇಳಿಕೊಂಡೆ. "ಇನ್ನೇನು ಬರುತ್ತಾಳೆ" ಎಂದಿದ್ದರೆ ಅದು ಸುಳ್ಳಾಗುತ್ತಿತ್ತು. ನಾನು ಹಾಗೆನ್ನಲಿಲ್ಲ, ಆಕೆಯ ವಿಷಯವನ್ನು ಕೇಳಿದೆ, ಅಷ್ಟೆ. ಅವರು ಕೇಳುವುದು ಸುದ್ದಿಯನ್ನಲ್ಲ, ಆಸರೆಯನ್ನು. ನನ್ನ ತಾಯಿಯವರು ಹೊಸ್ತಿಲಲ್ಲಿ ನಿಂತು ಕೇಳಿದುದೂ ಅದನ್ನೇ. "ಅಪ್ಪಾರಿಗೆ ಇವತ್ತು ಏನು ಅಡಿಗೆ ಇಷ್ಟವಾಗುತ್ತಿತ್ತವ್ವಾ?" ಎಂದು ಪಕ್ಕದಲ್ಲಿ ಕುಳಿತು ಕೇಳುವುದಕ್ಕೆ ನನಗೆ ಯಾವ ವಿದ್ಯೆ ಬೇಕಾಗಿತ್ತು?

ಎಲ್ಲ ಗುರುವಾರಗಳೂ ಹೀಗೆ ಸುಖವಾಗಿ ಕಳೆದವೆಂದು ಭಾವಿಸಬೇಡಿರಿ. ಒಂದು ದಿನ ಅವರು ನನ್ನನ್ನು ಕಳ್ಳನೆಂದು ತಿಳಿದು ಕೆನ್ನೆಗೆ ಬಾರಿಸಿದರು. ಅರವತ್ತು ದಾಟಿದ ನನಗೆ ಬಹಳ ಅಪಮಾನವಾಯಿತು. ನಾಳೆಯಿಂದ ಬರಲಾರೆನೆಂದು ಹೇಳಿ ಹೊರಟೆ. ಬಾಗಿಲವರೆಗೆ ಬಂದ ಸೊಸೆ, "ಸರ್, ನನಗೆ ಇದು ದಿನಾ ಇದ್ದದ್ದೇ. ಆದರ ನೀವು ಬರದಿದ್ದರ ನನಗ ಗುರುವಾರ ಅನ್ನೋದೇ ಇಲ್ಲ" ಎಂದರು. ಆಗ ನನಗೆ ತಿಳಿಯಿತು: ನಾನು ಹೋಗುತ್ತಿದ್ದುದು ಆ ಹಿರಿಯರೊಬ್ಬರಿಗಾಗಿ ಮಾತ್ರವಲ್ಲ. ಆ ಮೂರು ತಾಸಿನಲ್ಲಿ ಆಕೆ ನಿದ್ದೆ ಮಾಡುತ್ತಿದ್ದರು. ಎಂದಾದರೊಮ್ಮೆ ಸಂತೆಗೆ ಹೋಗುತ್ತಿದ್ದರು. ಒಮ್ಮೆ ಕಾಯಿಲೆಯಲ್ಲಿದ್ದ ತಮ್ಮ ತಾಯಿಯನ್ನು ನೋಡಿ ಬಂದರು. ರಾತ್ರಿ ನಾಲ್ಕು ಸಲ ಎದ್ದು ಬಾಗಿಲು ಕಾಯುವ ಆ ಜೀವವನ್ನು ಯಾರೂ ರೋಗಿಯೆನ್ನುವುದಿಲ್ಲ. ನಮ್ಮ ಮನೆಗಳಲ್ಲಿ ಈ ಶುಶ್ರೂಷೆಯ ಭಾರವು ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಹೆಗಲ ಮೇಲೆಯೇ. ನನ್ನ ತಾಯಿಯವರನ್ನು ನೋಡಿಕೊಂಡ ನನ್ನ ಹೆಂಡತಿಗೆ ಒಂದು ಗುರುವಾರವನ್ನೂ ನಾನು ಕೊಟ್ಟಿರಲಿಲ್ಲ. ಮುಂದಿನ ವಾರ ಮತ್ತೆ ಹೋದೆ.

2020ರಲ್ಲಿ ಕೊರೋನಾ ಬಂದು ಹಲವು ತಿಂಗಳು ಹೋಗುವುದು ನಿಂತಿತು. ಪುನಃ ಹೋದಾಗ ಹಿರಿಯರ ಮಾತು ಬಹುಮಟ್ಟಿಗೆ ನಿಂತುಹೋಗಿತ್ತು. ಆದರೂ ಕಿಟಕಿಯ ಬಳಿ ಕೂರಿಸಿ, ಸೊಸೆ ಹೊಲಿದುಕೊಟ್ಟಿದ್ದ ಹಸಿರು ಬಾವುಟವನ್ನು ಕೈಯಲ್ಲಿಟ್ಟರೆ, ತೋಳು ತಾನಾಗಿ ಮೇಲೇಳುತ್ತಿತ್ತು. 2022ರಲ್ಲಿ ಅವರು ತೀರಿಕೊಂಡರು. ಕ್ರಿಯಾಕರ್ಮಗಳು ಮುಗಿದ ಮೇಲೆ ಸೊಸೆ, "ಈಗ ಎಲ್ಲ ದಿನಾನೂ ಬಿಡುವು ಸರ್, ಏನು ಮಾಡಬೇಕೋ ತಿಳೀವಲ್ದು" ಎಂದು ಅತ್ತರು. ನನ್ನಲ್ಲಿಯೂ ಉತ್ತರವಿರಲಿಲ್ಲ. ಆ ಗುರುವಾರವೂ ಮೂರು ತಾಸು ಅಲ್ಲಿಯೇ ಕುಳಿತಿದ್ದು ಬಂದೆ.

ಬಂಧುಗಳೇ, ನಿಮ್ಮ ಮನೆಯ ಹಿರಿಯರಲ್ಲಿ ದಿನನಿತ್ಯದ ಕೆಲಸ ಕೆಡುವಷ್ಟು ಮರೆವು ಕಂಡರೆ ಗಾದೆಯನ್ನು ಹೇಳದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಥೈರಾಯ್ಡ್ ಗ್ರಂಥಿಯ ದೋಷ, ಬಿ 12 ಜೀವಸತ್ವದ ಕೊರತೆ, ಮನೋಖಿನ್ನತೆ ಮೊದಲಾದುವುಗಳಿಂದಲೂ ಮರೆವು ಬರುವುದುಂಟು, ಅವುಗಳಿಗೆ ಚಿಕಿತ್ಸೆಯಿದೆ. ಆಲ್‌ಜೈಮರ್ ಕಾಯಿಲೆಯನ್ನು ಪೂರ್ಣವಾಗಿ ಗುಣಪಡಿಸುವ ಔಷಧ ಇನ್ನೂ ಇಲ್ಲವಾದರೂ, ಕಾಯಿಲೆಯೆಂದು ತಿಳಿದ ಮೇಲೆ ಗದರಿಕೆಯಾದರೂ ನಿಂತೀತು. ಅವರ ಜೇಬಿನಲ್ಲಿ ವಿಳಾಸದ ಚೀಟಿಯಿರಲಿ. ಒಮ್ಮೆಗೆ ಒಂದೇ ಮಾತು ಕೇಳಿರಿ. ವಾದಕ್ಕೆ ನಿಲ್ಲಬೇಡಿರಿ. ಹಿರಿಯ ನಾಗರಿಕರಿಗಾಗಿ 14567 ಎಂಬ ಸಹಾಯವಾಣಿಯೂ ದೇಶದಾದ್ಯಂತ ಇದೆ.

ನಿಮ್ಮ ಮನೆಯಲ್ಲಿ ಈ ಕಷ್ಟವಿಲ್ಲದಿದ್ದರೆ, ನಿಮ್ಮ ಓಣಿಯಲ್ಲಿ ಯಾವ ಮನೆಯ ಬಾಗಿಲು ಈಚೆಗೆ ಸದಾ ಮುಚ್ಚಿರುತ್ತದೆಂದು ಒಮ್ಮೆ ನೋಡಿರಿ. ಒಳಗೆ ಒಬ್ಬ ಅಜ್ಜಿ ಗಂಡನ ದಾರಿ ಕಾಯುತ್ತಿರಬಹುದು. ಒಬ್ಬ ಸೊಸೆ ನಿದ್ದೆಗಾಗಿ ಹಂಬಲಿಸುತ್ತಿರಬಹುದು. ಹಣ ಬೇಡ, ಪಾಂಡಿತ್ಯ ಬೇಡ. ವಾರಕ್ಕೆ ಮೂರು ತಾಸು ಸಾಕು. ನನ್ನ ತಾಯಿಗೆ ನಾನು ಸಲ್ಲಿಸಲಾರದ ಸಾಲವು ಇದರಿಂದ ತೀರಿತೆಂದು ನಾನು ಹೇಳಲಾರೆ, ಅದು ತೀರತಕ್ಕುದಲ್ಲ. ಆದರೆ ನಿಮ್ಮ ತಾಯಿ ಇನ್ನೂ ಬಾಗಿಲಲ್ಲಿ ನಿಂತಿದ್ದರೆ, ನಿಮಗೆ ಇಂದಿನ ಸಂಜೆಯಿದೆ.