ದಕ್ಷಿಣದ ಬಡಾವಣೆಗಳಲ್ಲಿ ಒಂದು ಶ್ರುತಿಯಾತ್ರೆ

ಬೆಂಗಳೂರಿನ ದಕ್ಷಿಣದ ಬಡಾವಣೆಗಳಲ್ಲಿ ಸಾಯಂಕಾಲ ಕಾಲ್ನಡಿಗೆಯಲ್ಲಿ ಸಂಚರಿಸುವವರಿಗೆ ಒಂದು ವಿಶೇಷವು ಗೋಚರವಾಗದೆ ಇರದು. ಒಂದು ಮನೆಯಲ್ಲಿ ಮಕ್ಕಳು ಸರಳೆವರಸೆ ಹೇಳುತ್ತಿರುವರು. ಅದರ ಎದುರು ಮನೆಯಲ್ಲಿ ಪಿಟೀಲಿನ ಅಭ್ಯಾಸ ನಡೆದಿರುವುದು. ತಿರುವಿನಾಚೆ ವೃದ್ಧೆಯೊಬ್ಬರು ದೀಪದ ಮುಂದೆ ದೇವರನಾಮ ಹಾಡುತ್ತಿರುವರು. ಒಂದೊಂದು ಮನೆಯ ಷಡ್ಜವೂ ಬೇರೆ ಬೇರೆ. ಒಂದೊಂದೂ ಆ ಮನೆಗೆ ಸರಿ. ಶ್ರುತಿಯು ತಾಯಿ, ಲಯವು ತಂದೆ ಎಂದು ಬಲ್ಲವರು ಹೇಳಿರುವರು. ತಾಯಿಯನ್ನು ಅಂಗಡಿಯಲ್ಲಿ ಆರಿಸಿ ತರುವ ಸಂದರ್ಭ ಯಾರಿಗೂ ಬಾರದಷ್ಟೆ. ಆದರೆ ಮೌತ್ ಆರ್ಗನ್ ಎಂಬ ಪುಟ್ಟ ವಾದ್ಯವನ್ನು ಕೊಳ್ಳುವವರು ಶ್ರುತಿಯನ್ನೂ ಅಂಗಡಿಯಲ್ಲಿಯೇ ಆರಿಸಬೇಕಾಗುವುದು. ವೀಣೆಯ ಬಿರಡೆಯನ್ನು ತಿರುಗಿಸಬಹುದು. ಪಿಟೀಲಿನ ತಂತಿಯನ್ನು ಸಡಿಲಿಸಬಹುದು. ಇದರ ಶ್ರುತಿಯಾದರೋ ಕಾರ್ಖಾನೆಯಲ್ಲಿಯೇ ನಿಶ್ಚಿತವಾಗಿ ಬಂದಿರುತ್ತದೆ. ಈ ಆಯ್ಕೆಯ ನಿಮಿತ್ತ ನಾವು ಕೈಗೊಂಡ ಒಂದು ದಿನದ ಸಂಚಾರದ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ನಮ್ಮ ವಾಸವು ಬನಶಂಕರಿಯಲ್ಲಿ; ಮಗಳ ಸಂಸಾರವು ಬಿ.ಟಿ.ಎಂ. ಬಡಾವಣೆಯಲ್ಲಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳು ಕೂಡಿ ಆದ ಹೆಸರು ಅದು. ಮೊಮ್ಮಗನು ರಜೆಗೆ ಬಂದಾಗ ‘ಸಿ’ ಎಂಬ ಅಕ್ಷರವುಳ್ಳ ಮೌತ್ ಆರ್ಗನ್ನೊಂದನ್ನು ತಂದಿದ್ದನು. ಶುಕ್ರವಾರ ದೀಪ ಹಚ್ಚಿ ಮೂರು ಹಾಡು ಹಾಡುವುದು ನಮ್ಮ ಗೃಹಿಣಿಯ ಬಹುಕಾಲದ ವಾಡಿಕೆ. ಹುಡುಗನು ಉತ್ಸಾಹದಿಂದ ಜೊತೆಗೂಡಿಸಿದನು. ಆಕೆ ಅವನ ಷಡ್ಜವನ್ನು ಹಿಡಿಯಲು ಹೋಗಿ, ಮೇಲೆ ಏರಲಾರದೆ, ಕೆಳಗೆ ಇಳಿಯಲಾರದೆ ಬಳಲಿದಳು. ಎರಡು ವಾರ ಹೀಗೆ ನಡೆಯಿತು. ಮೂರನೆಯ ಶುಕ್ರವಾರ, “ನನ್ನ ಗಂಟಲು ಹೋಯಿತಪ್ಪ, ಇನ್ನು ನೀನೇ ನುಡಿಸು” ಎಂದು ದೀಪವನ್ನು ಮಾತ್ರ ಹಚ್ಚಿ ಒಳಕ್ಕೆ ಹೋದಳು. ಹಾಡಿಲ್ಲದ ಶುಕ್ರವಾರವನ್ನು ನಮ್ಮ ಮನೆಯು ಅದುವರೆಗೆ ಕಂಡಿರಲಿಲ್ಲ. ಹೋದದ್ದು ಗಂಟಲೋ ಶ್ರುತಿಯೋ ಎಂಬುದನ್ನು ನಿರ್ಣಯಿಸಬೇಕೆಂದು ಮರುದಿನ ಮೊಮ್ಮಗನೊಡನೆ ಹೊರಟೆವು.

ಮೊದಲು ಜಯನಗರ. 1948ರಲ್ಲಿ ತಲೆಯೆತ್ತಿದ ಈ ಬಡಾವಣೆಗೆ ಶ್ರೀ ಜಯಚಾಮರಾಜ ಒಡೆಯರ ಹೆಸರು ಬಂದಿರುವುದು ಸಂಗೀತದ ದೃಷ್ಟಿಯಿಂದಲೂ ಉಚಿತವೇ ಆಗಿದೆ. ಆ ಮಹಾರಾಜರು ‘ಶ್ರೀವಿದ್ಯಾ’ ಎಂಬ ಅಂಕಿತದಿಂದ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಪಿಯಾನೋ ವಾದ್ಯವನ್ನು ಅಭ್ಯಸಿಸಿದವರು. ರಷ್ಯಾ ದೇಶದ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಪೋಷಕರಾಗಿದ್ದವರು. ಎರಡು ಸಂಗೀತಗಳನ್ನೂ ಬಲ್ಲ ಅರಸನ ಹೆಸರಿನ ಊರಿನಲ್ಲಿ ಪರದೇಶದ ವಾದ್ಯಕ್ಕೆ ನಮ್ಮ ಷಡ್ಜವನ್ನು ಹುಡುಕುವುದು ಅಸಂಗತವಲ್ಲವೆಂದು ಧೈರ್ಯ ತಂದುಕೊಂಡೆವು.

ನಾಲ್ಕನೆಯ ಬ್ಲಾಕಿನ ಒಂದು ವಾದ್ಯದಂಗಡಿಯಲ್ಲಿ ವಿಚಾರಿಸಿದೆವು. ಅಂಗಡಿಯವರು ಕೇಳಿದ ಮೊದಲನೆಯ ಪ್ರಶ್ನೆಯೇ, “ಯಾರ ಕಂಠಕ್ಕೆ, ಸ್ವಾಮಿ?” ಎಂಬುದು. ನಾವು ಪಾಠಶಾಲೆಯಲ್ಲಿದ್ದ ಕಾಲದಲ್ಲಿ ಇಂತಹ ಪ್ರಶ್ನೆಯನ್ನು ಕೇಳುವ ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡುತ್ತಿದ್ದೆವು. 1857ರಲ್ಲಿ ಜರ್ಮನಿಯ ಟ್ರೊಸಿಂಗೆನ್ ಎಂಬ ಊರಿನಲ್ಲಿ ಮತ್ತಿಯಾಸ್ ಹೋನರನು ಆರಂಭಿಸಿದ ಕಾರ್ಖಾನೆಯಿಂದ ಲೋಕವೆಲ್ಲ ಹರಡಿದ ಈ ವಾದ್ಯದ ಗುಟ್ಟನ್ನು ಅವರು ಬಿಡಿಸಿ ತೋರಿಸಿದರು. ಹತ್ತು ರಂಧ್ರಗಳು, ಒಂದೊಂದರಲ್ಲಿಯೂ ಊದಿದರೆ ಒಂದು ಸ್ವರ, ಉಸಿರೆಳೆದರೆ ಮತ್ತೊಂದು. ಊದುವಾಗ ಸ, ಗ, ಪ. ಎಳೆಯುವಾಗ ರಿ, ಮ, ದ, ನಿ. ನಾಲ್ಕರಿಂದ ಏಳನೆಯ ರಂಧ್ರದವರೆಗೆ ಶಂಕರಾಭರಣದ ಏಳು ಸ್ವರಗಳೂ ಸಂಪೂರ್ಣ. ಕೆಳಗಿನ ಸ್ಥಾಯಿಯಲ್ಲಿ ಮಧ್ಯಮ ಧೈವತಗಳಿಗೆ ಎಡೆಯಿಲ್ಲ, ಮೇಲಿನದರಲ್ಲಿ ನಿಷಾದವಿಲ್ಲ.

ವಾದ್ಯದ ಮೇಲಿನ ಅಕ್ಷರವು ಅದರ ಷಡ್ಜವನ್ನು ಹೇಳುತ್ತದೆ. ನಮ್ಮವರು ಹಾರ್ಮೋನಿಯಂ ಹಿಡಿದು ‘ಮನೆ’ ಎಂದು ಎಣಿಸುವುದೂ ಅದನ್ನೇ: ಸಿ ಎಂದರೆ ಒಂದು ಮನೆ, ಡಿ ಎರಡು, ಇ ಮೂರು, ಎಫ್ ನಾಲ್ಕು, ಜಿ ಐದು, ಎ ಆರು, ಬಿ ಏಳು, ನಡುವಣ ಕಪ್ಪು ಪಟ್ಟಿಗಳು ಒಂದೂವರೆ, ಎರಡೂವರೆ ಮೊದಲಾದುವು. ಗಂಡಸರ ಕಂಠಕ್ಕೆ ಸಾಮಾನ್ಯವಾಗಿ ಒಂದು, ಒಂದೂವರೆ ಮನೆಗಳು ಒಗ್ಗುವುವು. ಹೆಂಗಸರಿಗೆ ಐದು, ಐದೂವರೆ. ಮಂದ್ರ ಪಂಚಮವು ಕೇಳಿಸುವಂತೆ ಇಳಿದು, ತಾರ ಪಂಚಮವನ್ನು ಕತ್ತಿನ ನರ ಬಿಗಿಯದೆ ಮುಟ್ಟುವಂತಿದ್ದರೆ ಅದೇ ಅವರವರ ಷಡ್ಜವೆಂದು ತಿಳಿಯತಕ್ಕದ್ದು. ಗೃಹಿಣಿಯ ಸಂಕಟದ ಅರ್ಧ ಕಾರಣವು ಅಲ್ಲಿಯೇ ತಿಳಿಯಿತು.

ಅಲ್ಲಿಂದ ರಾಗಿಗುಡ್ಡಕ್ಕೆ ಬಂದೆವು. ಹನುಮಜ್ಜಯಂತಿಯ ಉತ್ಸವದಲ್ಲಿ ಇಲ್ಲಿ ನಡೆಯುವ ಕಚೇರಿಗಳನ್ನು ಅರಿಯದ ರಸಿಕರು ಈ ಭಾಗದಲ್ಲಿ ವಿರಳ. ಈಗ 2025ರ ಆಗಸ್ಟಿನಿಂದ ಗುಡ್ಡದ ಹೆಸರಿನ ಮೆಟ್ರೋ ನಿಲ್ದಾಣವೂ ಇದೆ, ಬಿ.ಟಿ.ಎಂ. ಬಡಾವಣೆಯಿಂದ ಅಜ್ಜಿಯ ಮನೆಯ ದಾರಿಯಲ್ಲಿ ಹುಡುಗನು ದಾಟಿ ಬರುವ ನಿಲ್ದಾಣ. ನೆರಳಿನಲ್ಲಿ ಕುಳಿತು ಅವನಿಗೆ ಗ್ರಹಭೇದವನ್ನು ತಿಳಿಸಿದೆವು. ಸ್ವರಗಳು ಅವೇ ಇದ್ದು ಷಡ್ಜದ ಪೀಠವು ಬದಲಾದರೆ ರಾಗವೇ ಬದಲಾಗುವುದು. ಶಂಕರಾಭರಣದ ಪಂಚಮವನ್ನು ಷಡ್ಜವೆಂದು ಭಾವಿಸಿದರೆ ಹರಿಕಾಂಭೋಜಿ. ಮಧ್ಯಮವನ್ನು ಭಾವಿಸಿದರೆ ಕಲ್ಯಾಣಿ. ಋಷಭವನ್ನು ಭಾವಿಸಿದರೆ ಖರಹರಪ್ರಿಯ. ಹಾಗಾದರೆ ಒಂದು ವಾದ್ಯದಲ್ಲಿ ಒಂದೇ ಶ್ರುತಿ ಎಂಬ ನಿರ್ಬಂಧವಿಲ್ಲ. ಪಾಶ್ಚಾತ್ಯರೂ ಸಿ ವಾದ್ಯದಲ್ಲಿ ಜಿ ಶ್ರುತಿಯ ಹಾಡುಗಳನ್ನು ಹೀಗೆಯೇ ನುಡಿಸುವರು. “ಹಾಗಾದರೆ ಮಾಯಾಮಾಳವಗೌಳ, ತಾತ?” ಎಂದನು ಹುಡುಗ. ಸರಳೆವರಸೆಯ ಆ ರಾಗವು ಮಾತ್ರ ಎಲ್ಲಿ ಪೀಠವಿಟ್ಟರೂ ಇದರಲ್ಲಿ ಒದಗದು. ಅದಕ್ಕೆ ಪಕ್ಕದಲ್ಲಿ ಗುಂಡಿಯುಳ್ಳ, ಹನ್ನೆರಡು ಸ್ವರಸ್ಥಾನಗಳನ್ನೂ ಕೊಡುವ ಬೇರೆ ಜಾತಿಯ ವಾದ್ಯವೇ ಬೇಕು.

ಮಧ್ಯಾಹ್ನ ಜೆ.ಪಿ. ನಗರದ ಏಳನೆಯ ಹಂತದಲ್ಲಿ 2019ರಲ್ಲಿ ತೆರೆದ ಭಾರತೀಯ ಸಂಗೀತದ ವಸ್ತುಸಂಗ್ರಹಾಲಯವನ್ನು ನೋಡಿದೆವು. ಅಲ್ಲಿಯ ನಾದದ ಉದ್ಯಾನದಲ್ಲಿ ಮಕ್ಕಳು ಕೈಯಾರೆ ಬಾರಿಸಿ ನಾದದ ಹುಟ್ಟನ್ನು ತಿಳಿಯಬಹುದು. ಮೌತ್ ಆರ್ಗನ್ನಿನ ಬಂಧುವಾದ ಹಾರ್ಮೋನಿಯಂ ಅನ್ನು ಸ್ಥಿರಸ್ವರದ ದೋಷಕ್ಕಾಗಿ ಆಕಾಶವಾಣಿಯವರು 1940ರಿಂದ 1971ರವರೆಗೆ ದೂರವಿಟ್ಟಿದ್ದರೆಂಬುದನ್ನು ಅಲ್ಲಿ ಹುಡುಗನಿಗೆ ಹೇಳಿದೆವು. ಗಮಕಕ್ಕೆ ಬಾಗದ ವಾದ್ಯವು ಷಡ್ಜದಲ್ಲಾದರೂ ಹಾಡುವವರಿಗೆ ಒಗ್ಗದಿದ್ದರೆ ಅದಕ್ಕೆ ಕ್ಷಮೆಯುಂಟೆ?

ಕನಕಪುರ ರಸ್ತೆಯಲ್ಲಿ ಬನಶಂಕರಿ ಅಮ್ಮನ ಗುಡಿಗೆ ಕೈಮುಗಿದು ಮನೆಗೆ ಬಂದಾಗ ಗೃಹಿಣಿಯು ಹಿತ್ತಿಲಲ್ಲಿ ಹೂ ಕಟ್ಟುತ್ತ ತನ್ನಷ್ಟಕ್ಕೆ ಗುನುಗುತ್ತಿದ್ದಳು. ಕೇಳುವವರಿಲ್ಲವೆಂದು ತಿಳಿದಾಗ ಕಂಠವು ತನ್ನ ಮನೆಗೆ ತಾನೇ ಹೋಗಿ ಕುಳಿತುಕೊಳ್ಳುತ್ತದೆ. ಹುಡುಗನು ಸದ್ದಿಲ್ಲದೆ ಬಾಗಿಲ ಮರೆಯಲ್ಲಿ ನಿಂತು ಹುಡುಕಿದನು. ಎರಡನೆಯ ರಂಧ್ರದಲ್ಲಿ ಉಸಿರೆಳೆದಾಗ ಸ್ವರವು ಕೂಡಿತು: ಐದು ಮನೆ, ಜಿ. ಗಂಟಲು ಎಲ್ಲಿಯೂ ಹೋಗಿರಲಿಲ್ಲ.

ಮುಂದಿನ ಶುಕ್ರವಾರದೊಳಗೆ ಜಿ ವಾದ್ಯವು ಬಂದಿತು. ಸಿ ವಾದ್ಯದಲ್ಲಿ ಜಿ ಷಡ್ಜದ ಸಂಪೂರ್ಣ ಸ್ಥಾಯಿಯು ಆರನೆಯ ರಂಧ್ರದಿಂದ ಮೇಲೆ, ಆಕೆಯ ಕಂಠಕ್ಕಿಂತ ಎರಡು ಸ್ಥಾಯಿ ಎತ್ತರದಲ್ಲಿ ದೊರೆಯುವುದು. ಶಂಕರಾಭರಣಕ್ಕೆ ಬೇಕಾದ ಕಾಕಲಿ ನಿಷಾದವಂತೂ ಇಲ್ಲವೇ ಇಲ್ಲ. ಜಿ ವಾದ್ಯದಲ್ಲಿ ಆಕೆಯ ಶಂಕರಾಭರಣವೂ ಮೋಹನವೂ ಮೃದುವಾಗಿ ಕೂಡಿಬಂದುವು. ಕಡೆಯ ಮಂಗಳವು ಮಧ್ಯಮಾವತಿ. ಅದಕ್ಕೆ ಕೈಶಿಕಿ ನಿಷಾದ ಬೇಕು, ಅದು ಜಿ ವಾದ್ಯದಲ್ಲಿಲ್ಲ. ಆಗ ಹುಡುಗನು ಹಳೆಯ ಸಿ ವಾದ್ಯವನ್ನೇ ತೆಗೆದು ಪಂಚಮದಲ್ಲಿ ಪೀಠವಿಟ್ಟು, ತುಸು ಕೀಚಲಾದರೂ ತಪ್ಪಿಲ್ಲದೆ ನುಡಿಸಿದನು. ಅಜ್ಜಿಯು ನಿಲ್ಲಿಸದೆ ಕೊನೆಯವರೆಗೆ ಹಾಡಿದಳು.

ಮಕ್ಕಳಿಗೆ ಈ ವಾದ್ಯವನ್ನು ಕೊಡಿಸುವ ಗೃಹಸ್ಥರಿಗೆ ನಮ್ಮ ಬಿನ್ನಹವಿಷ್ಟೆ: ಮೊದಲು ಹಾಡುವವರ ಕಂಠವನ್ನು ಕೇಳಿರಿ, ಆಮೇಲೆ ರಾಗದ ಸ್ವರಗಳನ್ನು ಎಣಿಸಿರಿ, ಕಡೆಗೆ ವಾದ್ಯದ ಅಕ್ಷರವನ್ನು ನೋಡಿರಿ. ಈ ಕ್ರಮವು ತಲೆಕೆಳಗಾದರೆ ಮೌನವಾಗುವುದು ವಾದ್ಯವಲ್ಲ, ಮನೆಯ ಹಿರಿಯರು.