ನಾಲ್ಕಡಿ ಅಗಲ, ಏಳಡಿ ಉದ್ದ

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಅಡುಗೆಮನೆಯ ಹಿಂದೆ ಒಂದು ಕಿಷ್ಕಿಂಧೆ ಇರುತ್ತೆ. ಅದರ ಹೆಸರು ಯುಟಿಲಿಟಿ. ಕಟ್ಟುವವನು ಮಿಕ್ಕ ಜಾಗದಲ್ಲಿ ಅದನ್ನ ಕೂರಿಸಿರ್ತಾನೆ. ಕೊಳ್ಳುವ ನಾವೂ ಹಾಲ್ ಎಷ್ಟು ದೊಡ್ಡದು, ಬಾಲ್ಕನಿಯಿಂದ ಏನು ಕಾಣುತ್ತೆ ಅಂತ ನೋಡಿ ಅಡ್ವಾನ್ಸ್ ಕೊಟ್ಟು ಬರ್ತೀವಿ. ಆದರೆ ಇಡೀ ಮನೆಯಲ್ಲಿ ಅತಿ ಹೆಚ್ಚು ಸೊಂಟ ಬಗ್ಗಿಸುವ ಕೆಲಸ ನಡೆಯೋದು ಅಲ್ಲೇ.

ಯಶವಂತಪುರದ ನಮ್ಮ ಮನೆಯ ಯುಟಿಲಿಟಿ ನಾಲ್ಕಡಿ ಅಗಲ, ಏಳಡಿ ಉದ್ದ. ಅದರೊಳಗೆ ವಾಷಿಂಗ್ ಮಷೀನು, ಸಿಂಕು, ಪೊರಕೆ, ಮಾಪು, ಬಕೆಟ್ಟುಗಳು, ಒಗೆಯೋ ಬಟ್ಟೆ, ಒಗೆದ ಬಟ್ಟೆ, ಮೂರು ದಿನವಾದರೂ ಒಣಗದ ಬಟ್ಟೆ. ದೀಪಾವಳಿ ಕಳೆದ ಮೇಲೆ ಅಮ್ಮ ಊರು ಬಿಟ್ಟು ನಮ್ಮ ಜೊತೆ ಇರೋಕೆ ಬರ್ತಿದಾಳೆ. ಹಾಗಾಗಿ ಅಲ್ಲಿ ಸರಿಯಾಗಿ ಕಪಾಟು ಮಾಡಿಸಬೇಕು ಅಂತ ಹೊರಟೆ.

ಅಮ್ಮನ ಕಂಡಿಷನ್ ಒಂದೇ. "ನನ್ನ ಸೀರೆ ನಾನೇ ಒಕ್ಕೊಳ್ತೀನಿ ಕಣಪ್ಪ. ಕೂತ್ಕೊಂಡು ಆಗಲ್ಲ, ನಿಂತ್ಕೊಂಡು ಒಗೆಯೋ ಹಂಗೆ ಒಂದು ಕಲ್ಲು ಹಾಕ್ಸು. ಅಷ್ಟೇ." ಅವಳ ಮಂಡಿ ಸವೆದಿದೆ, ಡಾಕ್ಟರು ಕುಕ್ಕರಗಾಲಲ್ಲಿ ಕೂರಲೇಬಾರದು ಅಂದಿದ್ದಾರೆ. ಹೋದ ಸಲ ಬಂದವಳು ಹನ್ನೆರಡನೇ ದಿನಕ್ಕೆ ಚೀಲ ಕಟ್ಟಿದಳು. ಸೊಸೆ ಕೈಲಿ ತನ್ನ ಬಟ್ಟೆ ಒಗೆಸೋದು ಅವಳಿಗೆ ಆಗಿಬರಲಿಲ್ಲ. ಮಷೀನು ಒಗೆಯೋದು ಅಂತ ಎಷ್ಟು ಹೇಳಿದರೂ, ಮಷೀನಿಗೆ ಹಾಕೋದು ಯಾರು, ತೆಗೆಯೋದು ಯಾರು ಅನ್ನೋದು ಅವಳ ಪ್ರಶ್ನೆ. ಅವಳು ಈ ಸಲ ನಿಲ್ತಾಳೋ ಇಲ್ಲವೋ ಅನ್ನೋದು ಇಪ್ಪತ್ತೆಂಟು ಚದರಡಿಯ ಮೇಲೆ ನಿಂತಿದೆ.

ಇಂಟೀರಿಯರ್‌ನವರು ಕಳಿಸಿದ ತ್ರೀ-ಡಿ ಚಿತ್ರ ಬಹಳ ಚೆನ್ನಾಗಿತ್ತು. ನೆಲದಿಂದಲೇ ಶುರುವಾಗುವ ಹೊಳೆಯುವ ಕಪಾಟು, ಅದರ ಮೇಲೆ 36 ಇಂಚಿಗೆ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಗೆರೆಯ ಕೌಂಟರು, ಅದರಡಿ ಫ್ರಂಟ್ ಲೋಡ್ ಮಷೀನು, ಮೇಲೆ ಸೂರಿನವರೆಗೂ ಎರಡು ಸಾಲು ಕಪಾಟು, ಮೂಲೆಯಲ್ಲೊಂದು ಮನಿ ಪ್ಲಾಂಟು. ಆ ಚಿತ್ರದಲ್ಲಿ ಒದ್ದೆಯಾಗಿರೋದು ಏನೂ ಇರಲಿಲ್ಲ. ಒಗೆಯೋ ಕಲ್ಲೆಲ್ಲಿ ಅಂದರೆ, "ಈಗ ಯಾರು ಸರ್ ಹಾಕಿಸ್ತಾರೆ?" ಅಂದ ಹುಡುಗ.

ನಮ್ಮ ಆಫೀಸಿನಲ್ಲಿ ಬಳಸುವವರನ್ನು ಕೇಳದೆ ಒಂದು ಸ್ಕ್ರೀನ್ ಮಾಡಿದರೂ ಉಗಿಸಿಕೊಳ್ತೀವಿ. ಆದ್ದರಿಂದ ಅಮ್ಮ ಮಂಡಿ ತೋರಿಸೋಕೆ ಬಂದಿದ್ದ ದಿನ ಅವಳನ್ನೇ ಯುಟಿಲಿಟಿಯ ಗೋಡೆಗೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಎತ್ತರ 4 ಅಡಿ 11 ಇಂಚು. ಹಿಮ್ಮಡಿ ಎತ್ತದೆ ಒಂದು ಕೆಜಿ ಸೋಪಿನ ಪುಡಿ ಇಡೋಕೆ ಆಗೋದು 66 ಇಂಚಿನವರೆಗೆ. ಬಗ್ಗದೆ ಕೈಗೆ ಸಿಗೋದು 26 ಇಂಚಿನಿಂದ ಮೇಲಕ್ಕೆ. ಅಂದರೆ ದಿನಾ ಬೇಕಾದ್ದೆಲ್ಲ ಈ 40 ಇಂಚಿನ ಪಟ್ಟಿಯೊಳಗೇ ಇರಬೇಕು. ಮೊಣಕೈ 37 ಇಂಚಿಗೆ ಬಂತು. ಬಟ್ಟೆ ಉಜ್ಜುವಾಗ ಭಾರ ಬಿಡಬೇಕಲ್ಲ, ಕಲ್ಲು ಅದಕ್ಕಿಂತ ಅರ್ಧ ಅಡಿ ಕೆಳಗಿರಬೇಕು: 31. ಆ ಒಂದೇ ಗೆರೆ ಅಲ್ಲೇ ಮುರಿದು ಬಿತ್ತು.

ಮಷೀನಿನ ವಿಷಯಕ್ಕೂ ಇದೇ ಲೆಕ್ಕ. ಫ್ರಂಟ್ ಲೋಡ್ ಕಡಿಮೆ ನೀರು ಕುಡಿಯುತ್ತೆ, ನಿಜ. ಆದರೆ ಬಟ್ಟೆ ತೆಗೆಯೋಕೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂರಬೇಕು. ಹಾಗಾಗಿ ನಮ್ಮ ಹಳೇ ಟಾಪ್ ಲೋಡೇ ಇರಲಿ ಅಂತಾಯ್ತು. ಅದರ ಮುಚ್ಚಳ ತೆಗೆದರೆ 50 ಇಂಚು ದಾಟುತ್ತೆ, ಮೇಲಿನ ಹಲಗೆ 54ಕ್ಕಿಂತ ಕೆಳಗೆ ಬರೋ ಹಾಗಿಲ್ಲ. 54ರಿಂದ 66ರವರೆಗೆ ಒಂದೇ ಒಂದು ಹಲಗೆ. ಅದರ ಮೇಲಿನದ್ದೆಲ್ಲ ಅಮ್ಮನ ಪಾಲಿಗೆ ಇದ್ದೂ ಇಲ್ಲದ ಹಾಗೆ.

ಮೇಲಿನ ಸಾಲನ್ನ ಪೂರ್ತಿ ಉರುಳಿಸಿದ್ದು ಸೀರೆ. ಸೀರೆ ಐದೂವರೆ ಮೀಟರು. ನಾಲ್ಕು ಮಡಿಕೆ ಮಾಡಿ ಹಾಕಿದರೂ ನಾಲ್ಕೂವರೆ ಅಡಿ ಕೋಲು ಬೇಕು, ಎರಡು ಕಡೆಗೂ ಸುಮಾರು ಎರಡಡಿ ಇಳಿಬೀಳುತ್ತೆ. ತುಮಕೂರು ರಸ್ತೆಯ ಧೂಳಿಗೆ ಹೊರಗೆ ಹರವಿದರೆ ಇನ್ನೊಂದು ಸಲ ಒಗೆಯಬೇಕು. ಸೆಪ್ಟೆಂಬರ್, ಅಕ್ಟೋಬರ್ ಇಲ್ಲಿ ಅತಿ ಹೆಚ್ಚು ಮಳೆ ಬೀಳೋ ತಿಂಗಳುಗಳು, ಆಗ ಟೆರೇಸೂ ಇಲ್ಲ. ಸೂರಿಗೆ ಕಟ್ಟಿ ಹಗ್ಗದಲ್ಲಿ ಇಳಿಸಿ ಏರಿಸುವ ಕೋಲುಗಳೇ ಗತಿ. ಊರಲ್ಲಿ ನಡುಮನೆಯ ಜಂತೆಗೆ ನೇತುಹಾಕಿದ್ದ ಗಳುವಿಗೆ ರಾಟೆ ಬಂದಿದೆ, ಅಷ್ಟೇ. ಸೂರಿನವರೆಗೆ ಕಪಾಟಿದ್ದರೆ ಒದ್ದೆ ಸೀರೆ ಸರಿಸಿ ಬಾಗಿಲು ತೆಗೀಬೇಕು. ಕೊಟೇಷನ್ನಿನಲ್ಲಿ ಆ ಸಾಲಿಗೆ ಗೀಟು ಎಳೆದೆ.

ಕೆಳಗಿನ ಕಪಾಟಿಗೆ ಅಡ್ಡ ಬಂದಿದ್ದು ಕೆಲಸಕ್ಕೆ ಬರುವ ಅಕ್ಕ. "ನೆಲಕ್ಕೆ ಕೂರಿಸ್ಬೇಡಿ ಅಣ್ಣ, ಅಡಿ ಗುಡ್ಸಕ್ಕಾಗಲ್ಲ, ಜಿರಳೆ ಸೇರ್ಕೊಂತವೆ." ತನಗೇನು ಬೇಕು ಅಂತ ಕೇಳಿದರೆ, ಬ್ಯಾಗು ನೇತುಹಾಕೋಕೆ ಒಂದು ಕೊಕ್ಕೆ, ಫೋನಿಡೋಕೆ ಒದ್ದೆಯಾಗದ ಒಂದು ಜಾಗ ಅಂದಳು. ನಾಲ್ಕು ವರ್ಷದಿಂದ ಫೋನನ್ನ ಕವರಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸ ಮಾಡ್ತಿದ್ದಳು.

ಇನ್ನು ಹಲಗೆ ಯಾವುದರದ್ದು? ಪ್ಲೈವುಡ್ ಅಂಗಡಿಯವರು ಐಎಸ್ 710 ಅಂತ ಮುದ್ರೆ ಇರೋ ಮರೈನ್ ಪ್ಲೈ ತೋರಿಸಿ, ಇದನ್ನ 72 ಗಂಟೆ ಕುದಿಸಿ ಪರೀಕ್ಷೆ ಮಾಡಿರ್ತಾರೆ ಅಂದರು. ಮಾತು ಸುಳ್ಳಲ್ಲ. ಆದರೆ ಅಂಚಿಗೆ ಸರಿಯಾಗಿ ಪಟ್ಟಿ ಬಡಿಯದಿದ್ದರೆ, ಕೊರೆದ ತೂತುಗಳನ್ನು ಮುಚ್ಚದಿದ್ದರೆ ಯಾವ ಪ್ಲೈ ಆದರೂ ನೀರು ಎಳೆದುಕೊಳ್ಳುತ್ತೆ. ಎಂಡಿಎಫ್ ಅಂತೂ ಅಲ್ಲಿಗೆ ಬೇಡವೇ ಬೇಡ, ನೀರು ತಾಕಿದರೆ ನೆನೆದ ಬಿಸ್ಕೆಟ್ಟಿನ ಹಾಗೆ ಉಬ್ಬುತ್ತೆ. ಬೆಂಗಳೂರಿನ ಹಳೇ ವಠಾರಗಳ ಅಡುಗೆಮನೆಯಲ್ಲಿ ಗೋಡೆಗೆ ಸಿಕ್ಕಿಸಿದ ಕಡಪ ಕಲ್ಲಿನ ಹಲಗೆಗಳು ಇರ್ತಿದ್ದವು. ಅವುಗಳಲ್ಲಿ ಎಷ್ಟೋ ಇವತ್ತಿಗೂ ಹಾಗೇ ಇವೆ. ಬಾಗಿಲಿಲ್ಲದ ಕಡಪ ಹಲಗೆ ಸಾಕು ಅಂತ ನಿರ್ಧಾರವಾಯ್ತು. ನೆಂಟರು ನೋಡಿದರೆ ಅಂತ ಹೆಂಡತಿಗೆ ಸ್ವಲ್ಪ ಮುಜುಗರ ಇತ್ತು. ಯುಟಿಲಿಟಿವರೆಗೂ ಬರುವ ನೆಂಟರು ಪಾತ್ರೆ ತೊಳೆಯೋಕೇ ಬಂದಿರ್ತಾರೆ, ಅವರಿಗೇನು ಮುಚ್ಚುಮರೆ ಅಂದೆ.

ಕಲ್ಲಿನ ಕೆಳಗಿನ ಜಾಗ ಖಾಲಿ ಬಿಟ್ಟಿದ್ದೀವಿ. ಅಲ್ಲಿ ಒಂದು ಡ್ರಮ್ಮು, ಎರಡು ಬಕೆಟ್ಟು. ಮಷೀನಿನ ಕೊನೆಯ ಜಾಲಾಡಿಸಿದ ನೀರು ಡ್ರಮ್ಮಿಗೆ ಬೀಳಬೇಕು, ಬಚ್ಚಲು ತೊಳೆಯೋಕಾಗುತ್ತೆ. 2024ರ ಮಾರ್ಚಿನಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತಲ್ಲ, ಆ ಬೇಸಿಗೆ ಕಂಡವರಿಗೆ ಡ್ರಮ್ಮಿನ ಜಾಗ ದಂಡ ಅನ್ನಿಸಲ್ಲ. ಸೋಪಿಗೆ ನೀರು ಬಸಿಯುವ ಒಂದು ಗೂಡೂ ಬೇಕು. ನಮ್ಮ ಪಕ್ಕದ ಮೆಟ್ರೋ ಸ್ಟೇಷನ್ನಿನ ಹೆಸರೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಆದರೂ ಆ ತ್ರೀ-ಡಿ ಚಿತ್ರದಲ್ಲಿ ಒಂದು ಸೋಪಿಡೋಕೆ ಜಾಗ ಇರಲಿಲ್ಲ.

ಕಲ್ಲು ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು. ಪಾಲಿಶ್ ಬೇಡ, ಉಳಿಯ ಗುರುತು ಹಾಗೇ ಇರಲಿ, ಇಲ್ಲದಿದ್ದರೆ ಬಟ್ಟೆ ಜಾರುತ್ತೆ. ಸಿಂಕಿನ ಕಡೆಗೆ ಅರ್ಧ ಇಂಚು ಇಳಿಜಾರು. ಎರಡೂವರೆ ಅಡಿ ಉದ್ದ, 20 ಇಂಚು ಅಗಲ, ಎರಡಿಂಚು ದಪ್ಪದ ಚಪ್ಪಡಿ 50 ಕೆಜಿ ದಾಟುತ್ತೆ, ಅದಕ್ಕೇ ಕಬ್ಬಿಣದ ಬ್ರಾಕೆಟ್ ಬೇಡ, ಇಟ್ಟಿಗೆಯ ಎರಡು ಗಿಡ್ಡ ಗೋಡೆ. ಮೂರನೇ ಮಹಡಿಯಲ್ಲಿ ಬಟ್ಟೆ ಕುಕ್ಕಿದರೆ ಕೆಳಗಿನ ಮನೆಯವರು ಮೇಲೆ ಬರ್ತಾರೆ ಅಂತ ಫೋನಲ್ಲಿ ಹೇಳಿದೆ. "ಕುಕ್ಕಲ್ಲ ಬಿಡು, ಬರೀ ಉಜ್ತೀನಿ" ಅಂದಳು. ಒಂದು ನಿಮಿಷ ಬಿಟ್ಟು, "ಬೆಡ್‌ಶೀಟು ಮಾತ್ರ ಕುಕ್ಕದೇ ಹೋಗಲ್ಲ" ಅಂತ ಸೇರಿಸಿದಳು.

ಗಾರೆಯವನು ಬರೋ ಸೋಮವಾರ ಬರ್ತಾನಂತೆ. ಕಲ್ಲು ಕೂರಿಸಿದ ಮೇಲೆ ಒಂದು ವಾರ ಅದರ ಮೇಲೆ ಕೈ ಇಡೋ ಹಾಗಿಲ್ಲ.